ಟೇಪಿನಿಂದ ಫೈಲಿಗೆ: ಮನೆಯ ಹಳೆಯ ವಿಡಿಯೊ ಕ್ಯಾಸೆಟ್ಟುಗಳ ಡಿಜಿಟಲೀಕರಣ

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂದಿತು. ಅದರ ಬೆನ್ನಿಗೇ ವಿಸಿಆರ್‌ಗಳು ಹರಡಿ, ಆ ದಶಕದ ಉತ್ತರಾರ್ಧದಿಂದ ಕರ್ನಾಟಕದ ನಗರ–ಪಟ್ಟಣಗಳಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳನ್ನು ವಿಡಿಯೊ ಮಾಡಿಸುವುದು ಫೋಟೊ ತೆಗೆಸುವಷ್ಟೇ ವಾಡಿಕೆಯಾಯಿತು. ಹೆಗಲ ಮೇಲೆ ಕ್ಯಾಮೆರಾ ಹೊತ್ತವನೂ ಅವನ ಪಕ್ಕದಲ್ಲಿ ಸನ್‌ಗನ್ ದೀಪ ಹಿಡಿದ ಹುಡುಗನೂ ಸೇರಿ ತುಂಬಿಸಿದ ಆ ಕ್ಯಾಸೆಟ್ಟುಗಳು ಇಂದು ಬೀರುವಿನ ತಳದಲ್ಲೋ ಅಟ್ಟದ ಮೇಲೋ ಉಳಿದಿವೆ; ಆದರೆ ಅವನ್ನು ಹಾಕಿ ನೋಡುವ ಯಂತ್ರ ಬಹುತೇಕ ಮನೆಗಳಲ್ಲಿ ಉಳಿದಿಲ್ಲ. ಅವುಗಳಲ್ಲಿರುವ ಚಿತ್ರ ಮತ್ತು ಧ್ವನಿಯನ್ನು ಕಂಪ್ಯೂಟರಿನ ಫೈಲುಗಳಾಗಿ ಮಾರ್ಪಡಿಸುವ ಕೆಲಸವೇ ಡಿಜಿಟಲೀಕರಣ. ಇದರಲ್ಲಿ ಕಂಪ್ಯೂಟರಿನ ಪಾಲು ಹೊರಗಿನವರು ಎಣಿಸುವುದಕ್ಕಿಂತ ಸಣ್ಣದು. ಫಲಿತಾಂಶ ಬಹುಮಟ್ಟಿಗೆ ನಿರ್ಧಾರವಾಗುವುದು ಟೇಪನ್ನು ಓದುವ ಯಂತ್ರದಲ್ಲಿ ಮತ್ತು ಓದುವ ಮುನ್ನ ಟೇಪಿಗೆ ದೊರೆತ ಆರೈಕೆಯಲ್ಲಿ.

ಟೇಪಿನ ಬಗೆಗಳು

ಮೊದಲು ಆಗಬೇಕಾದದ್ದು ಕ್ಯಾಸೆಟ್ಟಿನ ಜಾತಿಯನ್ನು ಗುರುತಿಸುವುದು. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದ ವಿಎಚ್‌ಎಸ್ ಮಾದರಿಯ ದೊಡ್ಡ ಕ್ಯಾಸೆಟ್ಟಿನಲ್ಲಿ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್ ಅಗಲದ ಟೇಪು ಇರುತ್ತದೆ. ನಮ್ಮ ಮದುವೆ ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಈ ಬಗೆಯವು. ಅಂಗೈಯಲ್ಲಿ ಹಿಡಿಯುವ ಕ್ಯಾಮೆರಾಗಳಿಗೆಂದು 1985ರಲ್ಲಿ ವಿಡಿಯೊ8, 1989ರಲ್ಲಿ ಅದರ ಸುಧಾರಿತ ರೂಪವಾದ ಹೈ8 ಬಂದವು. ಎರಡರ ಟೇಪಿನ ಅಗಲವೂ 8 ಮಿಲಿಮೀಟರ್. ಇವೆಲ್ಲ ಅನಲಾಗ್ ಟೇಪುಗಳು, ಅಂದರೆ ಚಿತ್ರದ ಬೆಳಕಿನ ಏರಿಳಿತವನ್ನು ಅಂಕಿಗಳಾಗಿಸದೆ ವಿದ್ಯುತ್ ಸಂಕೇತದ ಅಲೆಗಳಾಗಿಯೇ ಬರೆದಿಟ್ಟಂಥವು. 1995ರಲ್ಲಿ ಬಂದ ಮಿನಿಡಿವಿ ಮಾತ್ರ ಹುಟ್ಟಿನಿಂದಲೇ ಡಿಜಿಟಲ್ ಆದ್ದರಿಂದ, ಕ್ಯಾಮೆರಾದ ಫೈರ್‌ವೈರ್ ಕಿಂಡಿಯ ಮೂಲಕ ಅದರಲ್ಲಿರುವ ದತ್ತಾಂಶವನ್ನು ಇದ್ದಹಾಗೆಯೇ ಇಳಿಸಿಕೊಳ್ಳಬಹುದು. ಒಂದು ಗಂಟೆಯ ಟೇಪಿಗೆ ಸುಮಾರು 13 ಗಿಗಾಬೈಟ್ ಜಾಗ ಸಾಕು.

ವಿಎಚ್‌ಎಸ್ ಟೇಪಿನಲ್ಲಿ ತೆಳುವಾದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಅಂಟಿನಂಥ ಬಂಧಕದಲ್ಲಿ ಬೆರೆಸಿ ಲೇಪಿಸಿರುತ್ತಾರೆ. ಚಿತ್ರ ಉಳಿಯುವುದು ಆ ಕಣಗಳ ಕಾಂತೀಯ ದಿಕ್ಕಿನಲ್ಲಿ. ಟೇಪು ಸೆಕೆಂಡಿಗೆ ಬರೀ 2.3 ಸೆಂಟಿಮೀಟರಿನಷ್ಟು ಮುಂದೆ ಸರಿಯುತ್ತದೆಯಾದರೂ, ಅದು ಓರೆಯಾಗಿ ಸುತ್ತಿಕೊಳ್ಳುವ 62 ಮಿಲಿಮೀಟರ್ ವ್ಯಾಸದ ಡ್ರಮ್ಮು ಸೆಕೆಂಡಿಗೆ 25 ಸುತ್ತು ತಿರುಗುವುದರಿಂದ, ಡ್ರಮ್ಮಿನ ಅಂಚಿನಲ್ಲಿರುವ ಹೆಡ್ಡುಗಳು ಸೆಕೆಂಡಿಗೆ ಸುಮಾರು 4.8 ಮೀಟರ್ ವೇಗದಲ್ಲಿ ಟೇಪನ್ನು ಸವರಿಕೊಂಡು ಹೋಗುತ್ತವೆ. ಒಂದೊಂದು ಸವರಿಕೆಗೂ ಒಂದು ಓರೆಗೆರೆ. ಒಂದೊಂದು ಓರೆಗೆರೆಯಲ್ಲೂ ಅರ್ಧ ಚಿತ್ರ, ಅಂದರೆ ತೆರೆಯ ಗೆರೆಗಳಲ್ಲಿ ಒಂದು ಬಿಟ್ಟು ಒಂದರಷ್ಟು. ಹೀಗೆ ಸೆಕೆಂಡಿಗೆ 50 ಅರ್ಧಚಿತ್ರಗಳನ್ನು ಹೆಣೆದು ತೋರಿಸುವ ಕ್ರಮಕ್ಕೆ ಇಂಟರ್‌ಲೇಸಿಂಗ್ ಎಂದು ಹೆಸರು. ಹೆಡ್ಡು ತನ್ನ ಓರೆಗೆರೆಯಿಂದ ಕೂದಲೆಳೆಯಷ್ಟು ತಪ್ಪಿದರೂ ತೆರೆಯ ಮೇಲೆ ಬಿಳಿ ಪಟ್ಟೆಗಳು ಏಳುತ್ತವೆ. ಹಳೆಯ ವಿಸಿಆರ್‌ಗಳಲ್ಲಿ ‘ಟ್ರ್ಯಾಕಿಂಗ್’ ಗುಂಡಿ ತಿರುಗಿಸಿ ಸರಿಪಡಿಸುತ್ತಿದ್ದದ್ದು ಇದನ್ನೇ.

ಓದುವ ಮುನ್ನ

ಟೇಪಿನ ದೊಡ್ಡ ಶತ್ರು ತೇವ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲವನ್ನು ಹತ್ತಿಪ್ಪತ್ತು ಬಾರಿ ಕಂಡ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಅದರ ಕಿಂಡಿಯಿಂದ ನೋಡಿದರೆ, ಕಪ್ಪು ಸುರುಳಿಯ ಮೈಮೇಲೆ ಬೂದಿ ಉದುರಿಸಿದಂತೆ ಬಿಳಿ ಬೂಷ್ಟು ಕಾಣಿಸುವುದುಂಟು. ಅಂಥದ್ದನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಚಿತ್ರ ಹುಳಹುಳವಾಗುವುದಲ್ಲದೆ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಆದ್ದರಿಂದ ಬಲ್ಲವರು ಮೂಗು–ಬಾಯಿಗೆ ಮುಸುಕು ಕಟ್ಟಿಕೊಂಡು, ಅದಕ್ಕೆಂದೇ ಬೇರೆ ಇಟ್ಟ ಯಂತ್ರದಲ್ಲಿ ಟೇಪನ್ನು ನಿಧಾನವಾಗಿ ಓಡಿಸುತ್ತ ಮೆದು ಬಟ್ಟೆಯಿಂದ ಒರೆಸಿ ತೆಗೆಯುತ್ತಾರೆ. ಕ್ಯಾಸೆಟ್ಟಿನ ಡಬ್ಬಿ ಒಡೆದಿದ್ದರೆ ಸುರುಳಿಗಳನ್ನು ಬಿಚ್ಚಿ ಬೇರೆ ಡಬ್ಬಿಗೆ ಕೂರಿಸುವುದು, ಹರಿದ ಟೇಪನ್ನು ಅದಕ್ಕೆಂದೇ ಇರುವ ತೆಳು ಪಟ್ಟಿಯಿಂದ ಬೆಸೆಯುವುದು ಈ ಹಂತದ ಇತರ ಕೆಲಸಗಳು. ಮಾಮೂಲು ಸೆಲೊಟೇಪಿನ ಅಂಟು ಇಳಿದು ಹೆಡ್ಡನ್ನು ಹಾಳುಮಾಡುವುದರಿಂದ ಅದನ್ನು ಬಳಸಬಾರದು.

ಯಂತ್ರ

ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಹೊಸ ಯಂತ್ರಗಳು ಬರುವುದು ನಿಂತುಹೋಯಿತು. ಇಂದು ನಡೆಯುತ್ತಿರುವುದೆಲ್ಲ ಹಳೆಯ ಯಂತ್ರಗಳನ್ನು ರಿಪೇರಿ ಮಾಡಿ, ಒಂದರ ಭಾಗವನ್ನು ಇನ್ನೊಂದಕ್ಕೆ ಹಾಕಿ ನಡೆಸುವ ಕೆಲಸ. ಯುನೆಸ್ಕೊ ಮತ್ತು ಧ್ವನಿ–ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ 2019ರಲ್ಲಿ ಕಾಂತೀಯ ಟೇಪುಗಳ ಬಗ್ಗೆ ಜಗತ್ತಿನ ಸಂಸ್ಥೆಗಳಿಗೆ ಎಚ್ಚರಿಕೆ ನೀಡಿದಾಗಲೂ, ಟೇಪಿನ ಸವೆತದ ಜೊತೆಗೆ ಓದುವ ಯಂತ್ರಗಳ ಕೊರತೆಯೇ ಮುಖ್ಯ ಕಾರಣವಾಗಿತ್ತು.

ಒಳ್ಳೆಯ ಯಂತ್ರ ಸಿಕ್ಕಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಹಳೆಯ ಟೇಪು ಹಿಗ್ಗಿ ಕುಗ್ಗಿರುವುದರಿಂದ ಚಿತ್ರದ ಪ್ರತಿ ಗೆರೆಯೂ ಸರಿಯಾದ ಗಳಿಗೆಗೆ ಬರದೆ ಚೂರು ಹಿಂದುಮುಂದಾಗುತ್ತದೆ; ಹಳೆಯ ಟಿವಿಗಳು ಇದನ್ನು ಸಹಿಸಿಕೊಂಡು ಕೊಂಚ ಬಾಗಿದ ಚಿತ್ರವನ್ನಾದರೂ ತೋರಿಸುತ್ತಿದ್ದವು, ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಕ್ಯಾಪ್ಚರ್ ಸಾಧನಗಳಾದರೋ ಗೊಂದಲಗೊಂಡು ಚಿತ್ರಗಳನ್ನೇ ಬಿಟ್ಟುಬಿಡುತ್ತವೆ. ಆಮೇಲೆ ಮಂತ್ರ ಒಂದು ಕಡೆ, ಪುರೋಹಿತರ ತುಟಿ ಇನ್ನೊಂದು ಕಡೆ ಎನ್ನುವಂತೆ ಧ್ವನಿ ಮತ್ತು ಚಿತ್ರ ದೂರವಾಗುತ್ತ ಹೋಗುತ್ತವೆ. ಬರುವ ಗೆರೆಗಳನ್ನು ಕ್ಷಣಕಾಲ ಹಿಡಿದಿಟ್ಟು ಸರಿಯಾದ ಅಂತರದಲ್ಲಿ ಹೊರಬಿಡುವ ‘ಟೈಮ್ ಬೇಸ್ ಕರೆಕ್ಟರ್’ ಎಂಬ ಉಪಕರಣ ಇದಕ್ಕೆ ಪರಿಹಾರ; ಮೇಲ್ದರ್ಜೆಯ ಕೆಲವು ಎಸ್–ವಿಎಚ್‌ಎಸ್ ಯಂತ್ರಗಳಲ್ಲಿ ಇದರ ಒಂದು ರೂಪ ಒಳಗೇ ಇರುತ್ತದೆ.

ಧ್ವನಿಯ ವಿಚಾರವೂ ಇಲ್ಲಿಯೇ ಬರುತ್ತದೆ. ಸಾಮಾನ್ಯ ವಿಎಚ್‌ಎಸ್‌ನಲ್ಲಿ ಧ್ವನಿ ಟೇಪಿನ ಅಂಚಿನ ಸಪೂರ ಪಟ್ಟಿಯಲ್ಲಿರುತ್ತದೆ. ಹೈಫೈ ಯಂತ್ರಗಳು ಅದರ ಜೊತೆಗೆ, ತಿರುಗುವ ಹೆಡ್ಡುಗಳಿಂದಲೇ ಚಿತ್ರದ ಕೆಳಗಿನ ಪದರದಲ್ಲಿ ಇನ್ನೊಮ್ಮೆ ಧ್ವನಿಯನ್ನು ಬರೆಯುತ್ತವೆ. ಮದುವೆಯ ವಿಡಿಯೊಗಳ ಮೇಲೆ ಸಿನಿಮಾ ಹಾಡು ಹಾಕುವುದು ಆಗಿನ ರೂಢಿ. ಮಿಕ್ಸಿಂಗ್ ಮಾಡಿ ಬೇರೆ ಕ್ಯಾಸೆಟ್ಟಿಗೆ ಇಳಿಸುವಾಗ ಹಾಡು ಸೇರಿಸಿದ್ದರೆ ಆ ಪ್ರತಿಯಲ್ಲಿ ಮಂಟಪದ ಮಾತುಕತೆ ಸಿಗುವುದಿಲ್ಲ. ಆದರೆ ಹೈಫೈಯಲ್ಲಿ ಚಿತ್ರೀಕರಿಸಿದ ಕ್ಯಾಸೆಟ್ಟಿಗೇ ‘ಆಡಿಯೊ ಡಬ್’ ಮೂಲಕ ಹಾಡು ಹಾಕಿದ್ದರೆ ಅಳಿದಿರುವುದು ಅಂಚಿನ ಪಟ್ಟಿಯದು ಮಾತ್ರ, ಕೆಳಪದರದಲ್ಲಿ ಓಲಗವೂ ಹೆಂಗಸರ ಸೋಬಾನೆಯೂ ಹಾಗೆಯೇ ಇರುತ್ತವೆ. ಆದ್ದರಿಂದ ಎರಡೂ ಧ್ವನಿಗಳನ್ನು ಪರೀಕ್ಷಿಸಿ ನೋಡುವುದು ಒಳ್ಳೆಯ ಕೆಲಸಗಾರನ ಲಕ್ಷಣ. ಹಾಗೆಯೇ, ಅಮೆರಿಕದಲ್ಲಿ ನೆಲಸಿದ ಕನ್ನಡಿಗರು ಊರಿಗೆ ಕಳಿಸಿದ ಕ್ಯಾಸೆಟ್ಟುಗಳು ಅಲ್ಲಿಯ 525 ಗೆರೆಗಳ ಎನ್‌ಟಿಎಸ್‌ಸಿ ಪದ್ಧತಿಯವು. ಭಾರತದ 625 ಗೆರೆಗಳ ಪಾಲ್ ಪದ್ಧತಿಯ ಯಂತ್ರ ಮಾತ್ರ ಇದ್ದರೆ ಅವು ಸರಿಯಾಗಿ ಮೂಡವು, ಎರಡನ್ನೂ ಓದುವ ಯಂತ್ರವೇ ಬೇಕು.

ಫೈಲು

ಯಂತ್ರದಿಂದ ಹೊರಬಂದ ಸಂಕೇತವನ್ನು ಅಂಕಿಗಳಾಗಿಸುವಾಗ ಎರಡು ಪ್ರತಿ ಮಾಡುವುದು ಸರಿಯಾದ ಕ್ರಮ. ಮೊದಲನೆಯದು ಮೂಲಪ್ರತಿ, ಯಾವ ವಿವರವನ್ನೂ ಬಿಡದೆ ಇಟ್ಟರೆ ಗಂಟೆಗೆ ಸುಮಾರು 75 ಗಿಗಾಬೈಟ್ ಆಗುವ ಇದನ್ನು, ಸಂಗ್ರಹಾಲಯಗಳು ಬಳಸುವ ಎಫ್‌ಎಫ್‌ವಿ1 ಎಂಬ ನಷ್ಟರಹಿತ ಸಂಕೋಚನದಿಂದ, ಅಂದರೆ ಬಿಚ್ಚಿದಾಗ ಒಂದಂಶವೂ ಕಳೆಯದ ಮಡಿಕೆಯಿಂದ, ಗಣನೀಯವಾಗಿ ಇಳಿಸಬಹುದು. ಎರಡನೆಯದು ನೋಡುವ ಪ್ರತಿ. ಹೆಣೆದ ಅರ್ಧಚಿತ್ರಗಳನ್ನು ಪೂರ್ಣಚಿತ್ರಗಳಾಗಿ ಬಿಡಿಸಿ, ಮೊಬೈಲಿನಲ್ಲೂ ಟಿವಿಯಲ್ಲೂ ಓಡುವ ಎಂಪಿ4 ಫೈಲಾಗಿ ಮಾಡಿದರೆ ಗಂಟೆಗೆ ಎರಡು–ಮೂರು ಗಿಗಾಬೈಟ್ ಸಾಕು. 4:3 ಅಳತೆಯ ಚಿತ್ರವನ್ನು ಈಗಿನ ಅಗಲ ತೆರೆ ತುಂಬುವಂತೆ ಎಳೆದು ವಧೂವರರನ್ನು ದಪ್ಪಗಾಗಿಸುವುದೂ, ಅಡ್ಡಲಾಗಿ ಸುಮಾರು 240 ಗೆರೆಗಳಷ್ಟೇ ವಿವರವುಳ್ಳ ವಿಎಚ್‌ಎಸ್‌ಗೆ ‘ಎಚ್‌ಡಿ’ ಎಂಬ ಚೀಟಿ ಹಚ್ಚುವುದೂ ಗ್ರಾಹಕರು ಒಪ್ಪಬಾರದ ಸಂಗತಿಗಳು.

2000ದ ಆಸುಪಾಸಿನಲ್ಲಿ ಅನೇಕ ಮನೆಗಳವರು ಕ್ಯಾಸೆಟ್ಟನ್ನು ವಿಸಿಡಿಗೆ ಹಾಕಿಸಿ, ಕೆಲಸ ಮುಗಿಯಿತೆಂದುಕೊಂಡರು. ವಿಸಿಡಿಯ ಚಿತ್ರದ ಅಳತೆ 352×288. ಅಂದರೆ ಟೇಪಿನಲ್ಲಿ ಕಾಣುವ 576 ಗೆರೆಗಳಲ್ಲಿ ಅರ್ಧ ಅಲ್ಲಿಯೇ ಹೋಯಿತು, ಸೆಕೆಂಡಿನ 50 ಚಲನೆಗಳು 25ಕ್ಕೆ ಇಳಿದವು. ಕ್ಯಾಸೆಟ್ಟು ಇನ್ನೂ ಉಳಿದಿದ್ದರೆ ವಿಸಿಡಿಯಿಂದ ಪ್ರತಿ ತೆಗೆಯದೆ ಕ್ಯಾಸೆಟ್ಟಿನಿಂದಲೇ ಮತ್ತೊಮ್ಮೆ ಮಾಡಿಸುವುದು ಮೇಲು. ಸಂಬಂಧಿಕರಿಗೆ ಹಂಚಿದ ನಕಲಿಗಿಂತ ಕ್ಯಾಮೆರಾದಿಂದ ಬಂದ ಮೊದಲ ಕ್ಯಾಸೆಟ್ಟನ್ನು ಹುಡುಕುವುದು ಇನ್ನೂ ಮೇಲು. ಅನಲಾಗ್ ಟೇಪಿನಿಂದ ಟೇಪಿಗೆ ಇಳಿಸಿದ ಪ್ರತಿ ಸಲವೂ ಚಿತ್ರ ಮಸುಕಾಗುತ್ತದೆ, ಬಣ್ಣ ಸೋರುತ್ತದೆ.

ಫೈಲುಗಳನ್ನು ಒಂದೇ ಪೆನ್‌ಡ್ರೈವಿಗೆ ಒಪ್ಪಿಸಿದರೆ ಟೇಪಿಗಿಂತ ಬೇಗ ಕಳೆದುಹೋದಾವು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಕ್ಲೌಡಿನಲ್ಲಿ ಎಂಬುದು ಈ ಕ್ಷೇತ್ರದ ಒಪ್ಪಿತ ನಿಯಮ. ಫೈಲಿನ ಹೆಸರಿನಲ್ಲೇ ವರ್ಷ, ಊರು, ಸಂದರ್ಭ ಇರಬೇಕು. ಕ್ಯಾಸೆಟ್ಟುಗಳನ್ನೂ ಎಸೆಯಬಾರದು. ಹೆಡ್ಡಿನಿಂದ ಬರುವ ಸಂಕೇತವನ್ನು ಯಂತ್ರ ಸಂಸ್ಕರಿಸುವ ಮೊದಲೇ ಹಿಡಿದು, ಉಳಿದ ಕೆಲಸವನ್ನೆಲ್ಲ ಸಾಫ್ಟ್‌ವೇರಿನಿಂದ ಮಾಡುವ ‘ವಿಎಚ್‌ಎಸ್–ಡಿಕೋಡ್’ ಎಂಬ ಮುಕ್ತ ಯೋಜನೆ ಈಗಾಗಲೇ ಬಳಕೆಯಲ್ಲಿದ್ದು, ಅದೇ ಟೇಪಿನಿಂದ ಇಂದಿಗಿಂತ ಒಳ್ಳೆಯ ಚಿತ್ರವನ್ನು ನಾಳೆ ಪಡೆಯುವ ದಾರಿ ತೆರೆದಿದೆ. ಆದರೆ ಆ ವಿಧಾನಕ್ಕೂ ತಿರುಗುವ ಡ್ರಮ್ಮು ಮತ್ತು ಸವೆಯದ ಹೆಡ್ಡು ಬೇಕೇ ಬೇಕು. ಹಾಗಾಗಿ ಎಲ್ಲವನ್ನೂ ಒಮ್ಮೆಗೇ ಮಾಡಿಸಲಾಗದ ಮನೆಯವರು ಬೂಷ್ಟು ಹಿಡಿಯತೊಡಗಿದವನ್ನೂ, ಓದುವ ಯಂತ್ರಗಳು ವಿಎಚ್‌ಎಸ್‌ಗಿಂತ ಅಪರೂಪವಾಗಿರುವ 8 ಮಿಲಿಮೀಟರಿನವನ್ನೂ ಮೊದಲು ಕೊಟ್ಟು, ಉಳಿದ ವಿಎಚ್‌ಎಸ್‌ಗಳನ್ನು ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಟ್ಟು ಸರದಿಗೆ ಕಾಯಬಹುದು.