ಗುಂಡಿಗೆ ಎರಡು ಕೊಡ ನೀರು

ಹೊಸ ಗಾಡಿಗೆ ಪೂಜೆ ಆಗಿದೆ. ಚಕ್ರಗಳಡಿ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಗಿದೆ, ಮುಂದಿನ ಗಾಜಿಗೆ ಚೆಂಡುಹೂವಿನ ಹಾರ ಬಿದ್ದಿದೆ. ರಾತ್ರಿ ಊಟ ಮುಗಿಸಿದ ಮಾಲೀಕರು ಚಾರ್ಜಿಂಗ್ ಕೇಬಲ್ ತಂದು ಜಗಲಿಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಹಸಿರು ದೀಪ ಬರಬೇಕಾದ ಕಡೆ ಕೆಂಪು ದೀಪ. ಕಿತ್ತು ಮತ್ತೆ ಹಾಕಿದರೂ ಕೆಂಪೇ. ಬ್ಯಾಟರಿಯೇ ಕೆಟ್ಟದ್ದು ಕೊಟ್ಟಿದ್ದಾರೆ ಎಂದು ಮನೆಮಂದಿಯೆಲ್ಲ ತೀರ್ಮಾನ ಮಾಡಿಬಿಡುತ್ತಾರೆ. ಬೆಳಗ್ಗೆ ಬಂದ ವೈರಿಂಗ್ ಹುಡುಗ ಗಾಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಮೀಟರ್ ಬೋರ್ಡಿನಿಂದ ಇಳಿದ ತಂತಿ ನೆಲ ಸೇರುವ ಜಾಗ ಹುಡುಕಿ ಹಿತ್ತಲಿಗೆ ಹೋಗುತ್ತಾನೆ. "ಅರ್ತಿಂಗ್ ಗುಂಡಿ ಒಣಗೋಗೈತೆ ಕಣಣ್ಣ, ಎರಡು ಕೊಡ ನೀರು ಹುಯ್ಯಣ್ಣ" ಎನ್ನುತ್ತಾನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಎಲೆಕ್ಟ್ರಿಕ್ ಸರಕು ಗಾಡಿ ತರುವವರು ಬ್ಯಾಟರಿ ಎಷ್ಟು, ಮೈಲೇಜ್ ಎಷ್ಟು ಎಂದು ಹತ್ತು ಜನರನ್ನು ಕೇಳಿರುತ್ತಾರೆ. ಮನೆಯ ಅರ್ತಿಂಗ್ ಹೇಗಿದೆ ಎಂದು ಮಾತ್ರ ಯಾರೂ ಕೇಳಿಕೊಂಡಿರುವುದಿಲ್ಲ. ಟಿವಿ, ಫ್ಯಾನು, ಮಿಕ್ಸಿ ಅರ್ತಿಂಗ್ ಇಲ್ಲದೆಯೂ ಓಡುತ್ತವೆ. ಗಾಡಿಯ ಚಾರ್ಜರ್ ಹಾಗಲ್ಲ. ಕರೆಂಟು ಎಳೆಯುವ ಮೊದಲು ಮೂರನೆಯ ಪಿನ್ನು ನಿಜವಾಗಿ ನೆಲ ಮುಟ್ಟಿದೆಯೇ ಎಂದು ಅದು ಪರೀಕ್ಷಿಸುತ್ತದೆ, ಅನುಮಾನ ಬಂದರೆ ಮುಷ್ಕರ ಹೂಡುತ್ತದೆ.

ಈ ಹಟಕ್ಕೆ ಕಾರಣವಿದೆ. ಗಾಡಿ ನಿಂತಿರುವುದು ರಬ್ಬರ್ ಟೈರುಗಳ ಮೇಲೆ, ಅಂದರೆ ಅದರ ಕಬ್ಬಿಣದ ಮೈಗೂ ನೆಲಕ್ಕೂ ಸಂಬಂಧವಿಲ್ಲ. ಚಾರ್ಜರಿನೊಳಗೆ ಎಲ್ಲೋ ತಂತಿಯ ಹೊದಿಕೆ ಸವೆದು ಕರೆಂಟು ಮೈಗೆ ಸೋರಿತೆನ್ನಿ. ಅದು ಅಲ್ಲೇ ಕಾದು ಕೂತಿರುತ್ತದೆ. ಬರಿಗಾಲಲ್ಲಿ, ಒದ್ದೆ ಅಂಗಳದಲ್ಲಿ ನಿಂತ ಯಾರಾದರೂ ಬಾಗಿಲಿಗೆ ಕೈಯಿಟ್ಟರೆ ಅವರ ದೇಹವೇ ತಂತಿಯಾಗುತ್ತದೆ. ಅರ್ತಿಂಗ್ ಗಟ್ಟಿಯಾಗಿದ್ದರೆ ಸೋರಿದ ಕರೆಂಟು ಆ ದಾರಿ ಹಿಡಿದು ನೆಲಕ್ಕೆ ಹೋಗುತ್ತದೆ. ಬೋರ್ಡಿನಲ್ಲಿ ಆರ್‌ಸಿಸಿಬಿ ಎಂಬ ಸೋರಿಕೆ ಕಾಯುವ ಸ್ವಿಚ್ಚು ಹಾಕಿಸಿದ್ದರೆ ಸೋರಿಕೆ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಅದು ಕಣ್ಣುಮಿಟುಕಿಸುವುದರೊಳಗೆ ಲೈನು ಕಡಿಯುತ್ತದೆ.

ಇನ್ನು ನಮ್ಮ ನೆಲದ ಸಂಗತಿ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ನೆನಪಿಗೆ. ಊರು ಆ ಹೆಸರನ್ನು ಬಿಟ್ಟಿತು, ಭೂವಿಜ್ಞಾನಿಗಳು ಬಿಡಲಿಲ್ಲ. 'ಶೋಲೆ' ಸಿನಿಮಾದಲ್ಲಿ ಜಗತ್ತು ನೋಡಿದ ಈ ಬಂಡೆಗಳು ಅವರ ಲೆಕ್ಕದಲ್ಲಿ ಇಂದಿಗೂ 'ಕ್ಲೋಸ್‌ಪೇಟ್ ಗ್ರಾನೈಟ್', ವಯಸ್ಸು ಸುಮಾರು 250 ಕೋಟಿ ವರ್ಷ. ನೋಡಲು ಚೆಂದ, ಅರ್ತಿಂಗಿಗೆ ಮಹಾ ಜಿಪುಣ. ನೆಲದಲ್ಲಿ ಕರೆಂಟು ಹರಿಯುವುದು ಮಣ್ಣಿನ ತೇವದಲ್ಲಿ ಕರಗಿದ ಲವಣಗಳ ಮೂಲಕ. ಒದ್ದೆ ಜೇಡಿಮಣ್ಣಿನ ರೋಧ ಕೆಲವು ಹತ್ತು ಓಮ್-ಮೀಟರ್ ಇದ್ದರೆ ಒಣ ಗ್ರಾನೈಟಿನದು ಸಾವಿರಗಳ ಲೆಕ್ಕದಲ್ಲಿದೆ. ಬಂಡೆಯ ಮೇಲಿನ ಎರಡಡಿ ಮಣ್ಣಿನಲ್ಲಿ ಕಬ್ಬಿಣದ ಕಡ್ಡಿಯೊಂದನ್ನು ನೆಟ್ಟು ಅರ್ತಿಂಗ್ ಆಯಿತು ಎಂದರೆ ಮಳೆಗಾಲಕ್ಕೆ ನಡೆದೀತು. ಶಿವರಾತ್ರಿ ಕಳೆದ ಮೇಲೆ ನಡೆಯದು.

ವೈರಿಂಗಿನವರು ಗುಂಡಿಗೆ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬುವುದು ಇದೇ ಕಾರಣಕ್ಕೆ. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಅಯಾನುಗಳನ್ನು ಕೊಡುತ್ತದೆ. ಅದೇ ಉಪ್ಪು ವರ್ಷಗಳು ಕಳೆದಂತೆ ಗುಂಡಿಯಲ್ಲಿ ಇಳಿಸಿದ ಜಿಐ ಪೈಪನ್ನೂ ತಿನ್ನುತ್ತದೆ, ಆದ್ದರಿಂದ ಹಳೆಯ ಗುಂಡಿಯನ್ನು ನಂಬಿ ಹೊಸ ಗಾಡಿ ತರಬಾರದು. ಪೈಪು ಎರಡೂವರೆ ಮೀಟರ್ ಇಳಿಯಬೇಕು. ಬಂಡೆ ಅಡ್ಡ ಬಂದರೆ ಆಳಕ್ಕೆ ಹಟ ಹಿಡಿಯದೆ ಉದ್ದಕ್ಕೆ ಚರಂಡಿ ತೋಡಿ ಲೋಹದ ಪಟ್ಟಿ ಹೂಳಬಹುದು, ಇಲ್ಲವೇ ಎರಡು ಮೂರು ಗುಂಡಿ ತೆಗೆದು ಒಂದಕ್ಕೊಂದು ಜೋಡಿಸಬಹುದು. ಬಚ್ಚಲ ನೀರು ಹರಿಯುವ ಜಾಗ, ತೆಂಗಿನ ಪಾತಿಯ ಪಕ್ಕ ಪ್ರಶಸ್ತ. ಅಳೆದಾಗ 5 ಓಮ್‌ಗಿಂತ ಕಡಿಮೆ ತೋರಿಸಿದರೆ ನೆಮ್ಮದಿ.

ಆಮೇಲೆ ಪ್ಲಗ್ಗು. 2022ರ ಮೇ ತಿಂಗಳಲ್ಲಿ ಬಂದ ಟಾಟಾ ಏಸ್ ಇವಿಯನ್ನೇ ಲೆಕ್ಕಕ್ಕೆ ಹಿಡಿಯೋಣ, ಬ್ಯಾಟರಿ 21.3 ಯೂನಿಟ್‌ನದು. ಮನೆಯ 16 ಆಂಪಿಯರ್ ಸಾಕೆಟ್ಟಿನಿಂದ ಸುಮಾರು 3 ಕಿಲೋವ್ಯಾಟ್ ಎಳೆದರೂ ಬರಿದಾದ ಬ್ಯಾಟರಿ ತುಂಬಲು ಏಳೆಂಟು ಗಂಟೆ ಬೇಕು. ಗೀಸರ್ ಕೂಡ ಇಷ್ಟೇ ಎಳೆಯಬಹುದು, ಆದರೆ ಅದು ಹತ್ತು ಹದಿನೈದು ನಿಮಿಷದ ಕೆಲಸ. ಇಡೀ ರಾತ್ರಿ ಎಳೆದಾಗಲೇ ಸಾಕೆಟ್ಟಿನ ಬಂಡವಾಳ ಬಯಲಾಗುವುದು. ಪಿನ್ನು ಸಡಿಲವಾಗಿ ಅಲ್ಲಿ 0.1 ಓಮ್ ರೋಧ ಹುಟ್ಟಿದರೂ 14 ಆಂಪಿಯರ್ ಕರೆಂಟಿಗೆ ಸುಮಾರು 20 ವ್ಯಾಟ್ ಶಾಖ ಏಳುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಮೀಟರಿನಿಂದ ನೇರವಾಗಿ ದಪ್ಪ ತಾಮ್ರದ ತಂತಿ, ಅದಕ್ಕೇ ಒಂದು ಎಂಸಿಬಿ ಇರಲಿ. ಮೊದಲ ರಾತ್ರಿ ಒಂದು ಗಂಟೆಯಾದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಹಿಂದಕ್ಕೆ ಎಳೆದುಕೊಳ್ಳುವಂತಿದ್ದರೆ ಆಫ್ ಮಾಡಿ.

ಬಿಲ್ಲಿನ ಮಾತೂ ಇದೆ. ಮನೆಯ ಸಂಪರ್ಕದಲ್ಲೇ ಸ್ವಂತ ಗಾಡಿ ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಆದರೆ ದಿನಕ್ಕೆ 20 ಯೂನಿಟ್‌ನಂತೆ ತಿಂಗಳಲ್ಲಿ 25 ದಿನ ತುಂಬಿಸಿದರೆ 500 ಯೂನಿಟ್ ಆಯಿತು. 200 ಯೂನಿಟ್ ದಾಟಿದ ಮನೆ ಆ ತಿಂಗಳು ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಿಂದ ಹೊರಗೆ, ಪೂರ್ತಿ ಬಿಲ್ಲು ಕಟ್ಟಬೇಕು. ಗಾಡಿಗೆಂದೇ ಬೆಸ್ಕಾಂನಿಂದ ಬೇರೆ ಮೀಟರ್ ಹಾಕಿಸಿಕೊಳ್ಳುವುದು ಇದಕ್ಕೇ ಜಾಣತನ. ಹಳೆಯ ಮನೆಗಳ ಮಂಜೂರಾದ ಲೋಡು ಒಂದೋ ಎರಡೋ ಕಿಲೋವ್ಯಾಟ್ ಇದ್ದರೆ ಆ ತೊಡಕೂ ಅಲ್ಲೇ ಬಗೆಹರಿಯುತ್ತದೆ. ತೋಟದ ಪಂಪ್‌ಸೆಟ್ ಲೈನಿಗೆ ಸಿಕ್ಕಿಸುವ ಯೋಚನೆ ಬಂದರೆ ಬಂದಷ್ಟೇ ಬೇಗ ಬಿಟ್ಟುಬಿಡಿ.

ಕೆಂಪು ದೀಪ ಹಸಿರಾಯಿತು, ಬ್ಯಾಟರಿ ತುಂಬತೊಡಗಿತು. ಎಷ್ಟು ತುಂಬಿತು ಎಂದು ಗಾಡಿಗೆ ಹೇಗೆ ತಿಳಿಯುತ್ತದೆ? ಡೀಸೆಲ್ ಟ್ಯಾಂಕಿಗಾದರೆ ಕಡ್ಡಿ ಅದ್ದಿ ನೋಡಬಹುದು. ಸರಕು ಗಾಡಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ. ಬಾಳಿಕೆ ಹೆಚ್ಚು, ಬಿಸಿಲಿಗೆ ಅಷ್ಟು ಬೇಗ ಕೆರಳದು. ಅದರ ಒಂದು ಗುಣ ಮಾತ್ರ ವಿಚಿತ್ರ. ಕಾಲು ಭಾಗ ತುಂಬಿದಾಗಲೂ ಮುಕ್ಕಾಲು ತುಂಬಿದಾಗಲೂ ಒಂದೊಂದು ಕೋಶದ ವೋಲ್ಟೇಜ್ 3.2, 3.3ರ ಆಸುಪಾಸಿನಲ್ಲೇ ಇರುತ್ತದೆ. ಅಗಲವಾದ ಕೆರೆಗೆ ನೀರು ಬರುತ್ತಿದ್ದರೂ ಮಟ್ಟ ಏರಿದ್ದು ಕಣ್ಣಿಗೆ ತಿಳಿಯುವುದಿಲ್ಲವಲ್ಲ, ಹಾಗೆ. ಬ್ಯಾಟರಿ ನಿರ್ವಾಹಕ ಎಂಬ ಒಳಗಿನ ಕಂಪ್ಯೂಟರ್ ಬಂದ ಕರೆಂಟು, ಹೋದ ಕರೆಂಟು ಕೂಡಿ ಕಳೆದು ಶೇಕಡಾವಾರು ತೋರಿಸುತ್ತದೆ. ದಿನದಿನದ ಸಣ್ಣ ತಪ್ಪು ಸೇರಿ ಸೇರಿ ಲೆಕ್ಕ ಹದಗೆಡುತ್ತದೆ. ಕೆರೆ ಕೋಡಿ ಬಿದ್ದಾಗ ಮಾತ್ರ ತುಂಬಿದ್ದು ಖಚಿತ. ಬ್ಯಾಟರಿಯೂ ನೂರಕ್ಕೆ ಮುಟ್ಟಿದಾಗಲೇ ವೋಲ್ಟೇಜ್ ಥಟ್ಟನೆ ಏರಿ ಲೆಕ್ಕ ಸರಿಹೋಗುತ್ತದೆ. ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಿಸಿ ಎಂದು ಕೈಪಿಡಿಯಲ್ಲಿದ್ದರೆ ಅದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಅದನ್ನು ಬಿಟ್ಟವರ ಗಾಡಿ ಶೇಕಡಾ 15 ತೋರಿಸುತ್ತಲೇ ರಸ್ತೆಯಲ್ಲಿ ನಿಂತೀತು.

ಪೂರ್ತಿ ತುಂಬಿದ್ದಕ್ಕೂ ಒಂದು ದಂಡವಿದೆ, ಅದು ಗೊತ್ತಾಗುವುದು ಮಾಗಡಿಯವರಿಗೆ. ಮಾಗಡಿ ಸಮುದ್ರಮಟ್ಟದಿಂದ ಸುಮಾರು 925 ಮೀಟರ್ ಎತ್ತರದಲ್ಲಿದೆ, ಕನಕಪುರ 640ರ ಆಸುಪಾಸು. ಹೊರೆ ಸೇರಿ 1,800 ಕೆಜಿ ತೂಗುವ ಗಾಡಿಯನ್ನು ಕನಕಪುರದಿಂದ ಮಾಗಡಿಯ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 1.4 ಯೂನಿಟ್. ಇದು ಬರೀ ಏರಿನ ಲೆಕ್ಕ, ದಾರಿಯ ಖರ್ಚು ಬೇರೆ. ಇಳಿಯುವಾಗ ಇದರಲ್ಲಿ ಒಂದಷ್ಟು ವಾಪಸು ಬರುತ್ತದೆ. ಚನ್ನಪಟ್ಟಣದಲ್ಲಿ ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುವುದನ್ನು ನೋಡಿದ್ದೀರಲ್ಲ? ಡೀಸೆಲ್ ಗಾಡಿಯ ಬ್ರೇಕಿನಲ್ಲಿ ನಡೆಯುವುದೂ ಅದೇ, ಓಟವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಆಟಿಕೆಯಾದರೂ ಅಲ್ಲಿ ಹುಟ್ಟುತ್ತದೆ, ಬ್ರೇಕಿನಲ್ಲಿ ಏನೂ ಇಲ್ಲ. ಎಲೆಕ್ಟ್ರಿಕ್ ಗಾಡಿ ಇಳಿಜಾರಿನಲ್ಲಿ ಮೋಟರನ್ನೇ ಡೈನಮೋ ಮಾಡಿಕೊಂಡು ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಆದರೆ ಮಾಗಡಿಯಿಂದ ಬೆಳಗ್ಗೆ ನೂರಕ್ಕೆ ನೂರು ತುಂಬಿಸಿಕೊಂಡು ಹೊರಟರೆ ತುಂಬಲು ಜಾಗವೆಲ್ಲಿ? ಆಕ್ಸಿಲರೇಟರ್ ಬಿಟ್ಟಾಗ ಎಂದಿನ ಹಿಡಿತ ಸಿಗದೆ ಗಾಡಿ ಜಾರಿದಂತೆ ಅನ್ನಿಸುತ್ತದೆ. ಕೆಟ್ಟಿರುವುದೇನೂ ಇಲ್ಲ, ಮೊದಲ ಕೆಲವು ಕಿಲೋಮೀಟರ್ ಕಾಲು ಬ್ರೇಕಿನ ಮೇಲಿರಲಿ ಅಷ್ಟೆ. ಕನಕಪುರದಿಂದ ಮೇಲಕ್ಕೆ ಹೊರಡುವವರಿಗೆ ಈ ತಾಪತ್ರಯವಿಲ್ಲ.

ಏಸ್ ಇವಿಗೆ ಪರೀಕ್ಷೆಯಲ್ಲಿ ದಾಖಲಾದ ಓಟ 154 ಕಿಲೋಮೀಟರ್. ಆ ಅಂಕಿಯನ್ನು ನಂಬಿ ಮೊದಲ ದಿನವೇ ಬೆಂಗಳೂರಿಗೆ ಎರಡು ಟ್ರಿಪ್ ಒಪ್ಪಿಕೊಳ್ಳಬೇಡಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 40ರಲ್ಲಿ ಹೋಗುವವರು 60ಕ್ಕೆ ಏರಿಸಿದರೆ ವೇಗ ಒಂದೂವರೆ ಪಟ್ಟು, ತಡೆ ಎರಡೂಕಾಲು ಪಟ್ಟು. ಹಿಂಭಾಗದ ತಗಡಿನ ಅಂಚಿಗಿಂತ ಎತ್ತರಕ್ಕೆ ಚೀಲ ಪೇರಿಸಿದರೆ ಇನ್ನೂ ಜಾಸ್ತಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ. ಮೂರು ಚಕ್ರದ ಗಾಡಿಗಳಿಗೆ 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯ ನಿಧಾನ ಅವುಗಳ ಬ್ಯಾಟರಿಗೆ ಹಿತವೇ ಆಗಿರಬಹುದು.

ರೇಷ್ಮೆಗೂಡಿನ ಬಾಡಿಗೆ ಹಿಡಿಯುವವರಿಗೆ ಲೆಕ್ಕ ಸ್ವಲ್ಪ ತಿರುವುಮುರುವು. ಗೂಡು ಹಗುರ, ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ. ಗಾಡಿ ತುಂಬಿದರೂ ತೂಕದ ಮಿತಿ ಮುಟ್ಟಿರುವುದಿಲ್ಲ. ಒಳಗಿನ ಹುಳು ಇನ್ನೂ ಜೀವಂತ, ಒತ್ತಿ ತುಂಬಿದರೆ, ಬಿಸಿಲಿಗೆ ಒಡ್ಡಿದರೆ ಗೂಡು ಕೆಟ್ಟು ಹರಾಜಿನಲ್ಲಿ ರೇಟು ಇಳಿಯುತ್ತದೆ. ಹಾಗಾಗಿ ರಾಮನಗರದ ಗೂಡಿನ ಮಾರುಕಟ್ಟೆಗೆ ರಾತ್ರಿಯೋ ನಸುಕಿನಲ್ಲೋ ಬಂದು ಸೇರುವುದು ಮೇಲು. ಹುಳುವಿಗೂ ಬ್ಯಾಟರಿಗೂ ತಂಪು ಹೊತ್ತಿನ ಓಟ ಒಳ್ಳೆಯದೇ. ಆದರೆ ಇಂಥ ಗಾಡಿಗೆ ಚಾರ್ಜಿಂಗ್ ಬೀಳುವುದು ನಡುಹಗಲಿಗೆ. ಮಾರುಕಟ್ಟೆಯಿಂದ ಬಂದವರು ಕೂಡಲೇ ಕೇಬಲ್ ಹಾಕದೆ ಸ್ನಾನ, ತಿಂಡಿ ಮುಗಿಸಿಕೊಳ್ಳಲಿ, ಅಷ್ಟರಲ್ಲಿ ಓಡಿ ಕಾದ ಬ್ಯಾಟರಿ ತಣಿಯುತ್ತದೆ. ಗಾಡಿ ನಿಲ್ಲಿಸುವ ಜಾಗ ಹೊಂಗೆ ಮರದ ಕೆಳಗಿರಲಿ, ಕಾದ ಬಂಡೆಯ ಪಕ್ಕ ಬೇಡ.