ಕೋಶಭಿತ್ತಿ ಮತ್ತು ಕೋಶಪೊರೆ

ಸಕಲ ಜೀವಿಗಳ ಶರೀರವೂ ಜೀವಕೋಶಗಳಿಂದ ರಚಿತವಾಗಿದೆಯೆಂಬುದು ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ಆದರೆ ಆ ಕೋಶದ ಹೊರ ಆವರಣ ಯಾವುದೆಂದು ಕೇಳಿದರೆ ಅನೇಕರು ಕೋಶಭಿತ್ತಿ, ಕೋಶಪೊರೆ ಎಂಬ ಎರಡು ಹೆಸರುಗಳನ್ನೂ ಒಂದೇ ಅರ್ಥದಲ್ಲಿ ಬಳಸಿಬಿಡುತ್ತಾರೆ. ಇವೆರಡೂ ರಚನೆಯಲ್ಲಿಯೂ ಕಾರ್ಯದಲ್ಲಿಯೂ ಬೇರೆ ಬೇರೆ. ಈ ವ್ಯತ್ಯಾಸವು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಪಟ್ಟುದಲ್ಲ. ಹೊಲದ ಬೆಳೆ ಬದುಕುವುದೂ ರೋಗಿಯ ಪ್ರಾಣ ಉಳಿಯುವುದೂ ಇದನ್ನು ಅವಲಂಬಿಸಿವೆ. ಉಡುಪಿ ಸೀಮೆಯ ಕೆಲವು ನಿದರ್ಶನಗಳಿಂದ ಇದನ್ನು ಪರಿಶೀಲಿಸೋಣ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ಬಿರಡೆಯ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಕಂಡ ಪುಟ್ಟ ಪುಟ್ಟ ಕೋಣೆಗಳಿಗೆ 'ಸೆಲ್' ಎಂದು ಹೆಸರಿಟ್ಟನು. ಆತನು ಕಂಡುದು ಸತ್ತ ಕೋಶಗಳ ಭಿತ್ತಿಗಳನ್ನು ಮಾತ್ರ. ಒಳಗಿದ್ದ ಜೀವದ್ರವ್ಯವೂ ಅದನ್ನು ಆವರಿಸಿದ್ದ ಪೊರೆಯೂ ಎಂದೋ ನಶಿಸಿಹೋಗಿದ್ದುವು. ಕರಾವಳಿಯ ಮನೆಮನೆಯಲ್ಲಿ ಕಾಣುವ ತೆಂಗಿನ ನಾರಿನ ಹಗ್ಗವೂ ಇಂಥದೇ. ಸೆಲ್ಯುಲೋಸ್, ಲಿಗ್ನಿನ್ ಎಂಬ ವಸ್ತುಗಳಿಂದಾದ ಭಿತ್ತಿಗಳು ಕೋಶ ಸತ್ತ ಬಳಿಕವೂ ಉಳಿದು ಹಗ್ಗಕ್ಕೆ ಬಲವನ್ನು ಕೊಡುತ್ತವೆ.

ಭಿತ್ತಿಯು ಸಸ್ಯ, ಶಿಲೀಂಧ್ರ ಮತ್ತು ಬಹುತೇಕ ಬ್ಯಾಕ್ಟೀರಿಯಾಗಳಲ್ಲಿ ಉಂಟು. ಪ್ರಾಣಿಗಳ ಕೋಶಗಳಲ್ಲಿ ಇಲ್ಲ. ಪೊರೆಯಾದರೋ ಇಲಿ, ಇರುವೆ, ಬಾಳೆ, ಬ್ಯಾಕ್ಟೀರಿಯಾ ಎನ್ನದೆ ಸಮಸ್ತ ಜೀವಕೋಶಗಳಲ್ಲಿಯೂ ಇರುತ್ತದೆ. ಭಿತ್ತಿಯಿದ್ದೆಡೆ ಪೊರೆಯು ಅದರ ಒಳಮಗ್ಗುಲಿಗೆ ಅಂಟಿಕೊಂಡಿರುತ್ತದೆ. ಇದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ. ಮೇದಸ್ಸಿನ ಅಣುಗಳ ಎರಡು ಪದರಗಳೂ ಅವುಗಳ ನಡುವೆ ತೇಲುವಂತಿರುವ ಪ್ರೋಟೀನುಗಳೂ ಸೇರಿ ಪೊರೆಯಾಗಿದೆಯೆಂಬ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಮುಂದಿಟ್ಟರು. ಭಿತ್ತಿಯು ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ತಡೆಯಿಲ್ಲದೆ ಬಿಡುತ್ತದೆ. ಪೊರೆಯಾದರೋ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಆಯ್ದು ನಡೆದುಕೊಳ್ಳುತ್ತದೆ. ಭಿತ್ತಿಯದು ಆಕಾರ ಮತ್ತು ಬಲ, ಪೊರೆಯದು ವಿವೇಚನೆ.

ಇದನ್ನು ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಕೆಂಪು ಹರಿವೆಯ ಇಡೀ ಎಲೆಗಳನ್ನು ತಣ್ಣೀರಿನಲ್ಲಿ ಹಾಕಿದರೆ ನೀರು ಹೆಚ್ಚು ಕೆಂಪಾಗದು. ಕುದಿಸಿದೊಡನೆ ಬಣ್ಣವು ಹೊರಕ್ಕೆ ಹರಿಯುತ್ತದೆ. ಆಗಲೂ ಭಿತ್ತಿಗಳು ಬಹುಮಟ್ಟಿಗೆ ನಿಂತೇ ಇರುತ್ತವೆ. ಶಾಖಕ್ಕೆ ಮೊದಲು ಕೆಡುವುದು ಪೊರೆ. ಬಣ್ಣವನ್ನು ಒಳಗೆ ಹಿಡಿದಿಟ್ಟುದು ಗೋಡೆಯಲ್ಲ, ಪೊರೆಯೆಂಬುದು ಇದರಿಂದ ಸಿದ್ಧವಾಗುತ್ತದೆ.

ಇನ್ನು ಹೊಲಕ್ಕೆ ಬರೋಣ. ಉಡುಪಿ ಮತ್ತು ಕಾಪುಗಳ ನಡುವೆ ಕಡಲ ಅಂಚಿನಲ್ಲಿರುವ ಮಟ್ಟು ಗ್ರಾಮದ ಗುಳ್ಳ ಬದನೆಯು 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆಯಿತು. ಬದನೆಯ ಗಿಡದ ಬೇರಿನ ಕೋಶಗಳು ಪೊರೆಯ ಮೂಲಕ ನೀರನ್ನು ಹೀರಿಕೊಳ್ಳುತ್ತವೆ. ಲವಣ ಕಡಮೆಯಿರುವೆಡೆಯಿಂದ ಹೆಚ್ಚಿರುವೆಡೆಗೆ ಪೊರೆಯನ್ನು ದಾಟಿ ನೀರು ಸಾಗುವ ಈ ಕ್ರಿಯೆಗೆ ಅಭಿಸರಣವೆಂದು ಹೆಸರು. ಎಲೆಯ ಕೋಶಗಳಲ್ಲಿ ನೀರು ತುಂಬಿದಂತೆಲ್ಲ ಒಳಗಿನ ಒತ್ತಡವು ಮೋಟಾರು ಗಾಲಿಯ ಒತ್ತಡವನ್ನೂ ಮೀರಬಲ್ಲುದು. ಆದರೂ ಕೋಶ ಒಡೆಯದು. ಏಕೆಂದರೆ ಭಿತ್ತಿಯು ಅದನ್ನು ತಡೆದು ನಿಲ್ಲಿಸುತ್ತದೆ. ಎಳೆಯ ಗಿಡ ನೆಟ್ಟಗೆ ನಿಲ್ಲುವುದು ಈ ಒತ್ತಡದಿಂದಲೇ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದೆ. ಅದು ಹೊಲಕ್ಕೆ ನುಗ್ಗಿದರೆ ಅಭಿಸರಣವು ದಿಕ್ಕು ಬದಲಿಸುತ್ತದೆ. ನೀರು ಕೋಶದಿಂದ ಹೊರಕ್ಕೆ ಹೋಗುತ್ತದೆ. ಪೊರೆಯು ಭಿತ್ತಿಯನ್ನು ಬಿಟ್ಟು ಒಳಕ್ಕೆ ಕುಗ್ಗುತ್ತದೆ. ಬುಡದಲ್ಲಿ ನೀರು ನಿಂತಿದ್ದರೂ ಗಿಡವು ಬಾಯಾರಿ ಬಾಡುತ್ತದೆ. ಕರಾವಳಿಯ ರೈತರು ಹೊಳೆಗಳಿಗೆ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿ ಉಪ್ಪುನೀರನ್ನು ತಡೆಯುವುದು ಈ ಕಾರಣದಿಂದಲೇ.

ಭಿತ್ತಿಯಿಲ್ಲದ ನಮ್ಮ ಕೋಶಗಳ ಗತಿಯೇನು? ರಕ್ತದ ಕೆಂಪು ಕಣಗಳನ್ನು ಶುದ್ಧ ನೀರಿನಲ್ಲಿ ಹಾಕಿದರೆ ಅವು ನೀರನ್ನು ಹೀರಿ, ಉಬ್ಬಿ, ಒಡೆದುಹೋಗುತ್ತವೆ. ಆದುದರಿಂದಲೇ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಬರಿಯ ನೀರನ್ನು ಕೊಡದೆ, ಶೇಕಡ 0.9ರಷ್ಟು ಉಪ್ಪು ಸೇರಿಸಿದ ಸಲೈನನ್ನು ಕೊಡುತ್ತಾರೆ. ನಮ್ಮ ಕೋಶಗಳಿಗೆ ಗೋಡೆಯ ರಕ್ಷಣೆಯಿಲ್ಲದಿರುವುದು ಒಂದು ಕೊರತೆಯಂತೆ ಕಂಡರೂ, ರೋಗಚಿಕಿತ್ಸೆಯಲ್ಲಿ ಅದೇ ನಮಗೆ ವರವಾಗಿ ಪರಿಣಮಿಸಿದೆ.

ಮಳೆಗಾಲದಲ್ಲಿ ಉಡುಪಿ, ಕಾರ್ಕಳ ಕಡೆಯ ಕೆಸರುಗದ್ದೆಗಳಲ್ಲಿ ದುಡಿಯುವವರನ್ನು ಇಲಿಜ್ವರ ಕಾಡುವುದುಂಟು. ಇಲಿಯ ಮೂತ್ರ ಬೆರೆತ ನೀರಿನಲ್ಲಿರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಕಾಲಿನ ಗಾಯದ ಮೂಲಕ ಶರೀರವನ್ನು ಹೊಗುತ್ತದೆ. ಉಪೇಕ್ಷಿಸಿದರೆ ಮೂತ್ರಪಿಂಡ, ಯಕೃತ್ತುಗಳಿಗೆ ಹಾನಿಯಾಗಿ ಪ್ರಾಣಾಪಾಯ ಒದಗಬಹುದು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಸ್ಥಾಪಿಸಿದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ತಜ್ಞರು ಈ ರೋಗದ ಅಧ್ಯಯನವನ್ನು ನಡೆಸಿದ್ದಾರೆ. ತೀವ್ರ ಇಲಿಜ್ವರಕ್ಕೆ ಕೊಡುವ ಔಷಧಗಳಲ್ಲಿ ಪೆನಿಸಿಲಿನ್ ಒಂದು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗುರುತಿಸಿದ ಈ ವಸ್ತುವು, ಬೆಳೆಯುತ್ತಿರುವ ಬ್ಯಾಕ್ಟೀರಿಯಾ ತನ್ನ ಭಿತ್ತಿಯನ್ನು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಗೋಡೆ ಶಿಥಿಲವಾದಾಗ ನೀರು ಒಳನುಗ್ಗುತ್ತದೆ. ಒಂಟಿಯಾದ ಪೊರೆಯು ತಾಳಲಾರದೆ ಹರಿಯುತ್ತದೆ. ನಮ್ಮ ಕೋಶಗಳಿಗೆ ಆ ಭಿತ್ತಿಯೇ ಇಲ್ಲವಾದ್ದರಿಂದ ಈ ಪೆಟ್ಟು ಅವುಗಳಿಗೆ ತಾಗದು.

ಇದರಿಂದಲೇ ಇನ್ನೊಂದು ಮಾತೂ ಸ್ಪಷ್ಟವಾಗುತ್ತದೆ. ನೆಗಡಿಯನ್ನು ತರುವ ವೈರಸ್ಸುಗಳಿಗೆ ಕೋಶಭಿತ್ತಿಯಿಲ್ಲ. ಅವುಗಳ ಮೇಲೆ ಪೆನಿಸಿಲಿನ್ ನಿರರ್ಥಕ. ಕೆಲವರಿಗೆ ಆ ಔಷಧ ಒಗ್ಗದೆ ಅಪಾಯವನ್ನು ತರುವುದೂ ಉಂಟು. ಆದಕಾರಣ ವೈದ್ಯರ ಸಲಹೆಯಿಲ್ಲದೆ ಅದನ್ನು ಸೇವಿಸಲಾಗದು.

ಭಿತ್ತಿಯು ನಿಲ್ಲಿಸುತ್ತದೆ, ಪೊರೆಯು ಆಯುತ್ತದೆ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟ ವಿದ್ಯಾರ್ಥಿಗೆ ಬಾಡಿದ ಬದನೆಯ ಗಿಡವೂ ಆಸ್ಪತ್ರೆಯ ಸಲೈನ್ ಸೀಸೆಯೂ ಒಂದೇ ಪಾಠದ ಎರಡು ಪುಟಗಳಾಗಿ ಕಾಣುವುವು.