ಕುಣಿತಕ್ಕೆ ಲೈಸೆನ್ಸ್

ಯಾದಗಿರಿ ಪಕ್ಕದ ರಾಮಸಮುದ್ರದ ಜಾತ್ರೆಯಾಗಲಿ, ಬೆಂಗಳೂರಿನ ಲೈವ್ ಬ್ಯಾಂಡ್ ಬಾರ್ ಆಗಲಿ, ಜನ ಸೇರುವ ಮನರಂಜನೆಗೆ ಕಟ್ಟಳೆ ಹಾಕುವ ಅಧಿಕಾರ ಹುಟ್ಟುವುದು ಒಂದೇ ಕಡೆ: 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಕಲಂ. ನಗರದಲ್ಲಿ ಅದನ್ನು ಚಲಾಯಿಸುವವರು ಪೊಲೀಸ್ ಕಮಿಷನರ್, ಜಿಲ್ಲೆಯಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರು.

ಹೊರದೇಶಗಳಂತೆ ಬಟ್ಟೆ ಕಳಚುವ ಕುಣಿತದ ಕ್ಲಬ್ಬುಗಳು ನಮ್ಮಲ್ಲಿ ಲೈಸೆನ್ಸ್ ಪಡೆದು ಬೇರೂರಲಿಲ್ಲ. ಸಾರ್ವಜನಿಕ ಸ್ಥಳದ ಅಶ್ಲೀಲ ವರ್ತನೆಗೆ ದಂಡಸಂಹಿತೆಯ 294ನೇ ಕಲಂ ಮೂರು ತಿಂಗಳವರೆಗೆ ಸೆರೆವಾಸ ಇಟ್ಟಿತ್ತು. ಅದರ ಅಂಚಿನಲ್ಲೇ ಕ್ಯಾಬರೆ ಬಂತು, ಆಮೇಲೆ ಲೈವ್ ಬ್ಯಾಂಡ್ ಬಂತು.

ಹೆಣ್ಣಿನ ಕುಣಿತದ ಮೇಲೆ ಸರಕಾರದ ಕಣ್ಣು ಬಿದ್ದದ್ದು ಅದಕ್ಕೂ ಬಹಳ ಹಿಂದೆ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳ ದೇವದಾಸಿ ಸೇವೆ ನಿಲ್ಲಿಸಿತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನೇ ಅಪರಾಧವಾಗಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಆ ಕಾಯ್ದೆ ಬೇಕೇ ಬೇಕಿತ್ತು. ಎಳೆಯ ಮಗುವಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವುದೂ ವಯಸ್ಸಿಗೆ ಬಂದ ಹೆಣ್ಣು ದುಡಿಮೆಗಾಗಿ ವೇದಿಕೆ ಹತ್ತುವುದೂ ಒಂದೇ ಅಲ್ಲ. ಆದರೂ ಎರಡನ್ನೂ ಒಂದೇ ಕಣ್ಣಿಂದ ನೋಡುವ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ.

2005ರಲ್ಲಿ ಎರಡು ನಗರಗಳು ಎರಡು ದಾರಿ ಹಿಡಿದವು. ಮುಂಬೈಯಲ್ಲಿ ಬಾರ್‌ಗಳ ಕುಣಿತವನ್ನೇ ಸರಕಾರ ನಿಷೇಧಿಸಿತು, ತಾರಾ ಹೋಟೆಲ್‌ಗಳಿಗೆ ಮಾತ್ರ ವಿನಾಯಿತಿ. ಸಾವಿರಾರು ಹೆಣ್ಣುಮಕ್ಕಳ ಒಲೆ ಆರಿತು. ಸಿರಿವಂತರು ಕೂತು ನೋಡಿದರೆ ಕಲೆ, ಬಡವರು ನೋಡಿದರೆ ಕೆಡುಕು ಎಂಬ ಈ ಭೇದವನ್ನು ಬಾಂಬೆ ಹೈಕೋರ್ಟ್ 2006ರಲ್ಲಿ ತಳ್ಳಿಹಾಕಿತು, ಸುಪ್ರೀಂ ಕೋರ್ಟ್ 2013ರಲ್ಲಿ ಆ ತೀರ್ಪನ್ನೇ ಎತ್ತಿಹಿಡಿಯಿತು. ಬೆಂಗಳೂರಿನ ಪೊಲೀಸ್ ಕಮಿಷನರ್ ಅದೇ 2005ರಲ್ಲಿ ಹೊರಡಿಸಿದ್ದು ಲೈಸೆನ್ಸ್ ಆದೇಶ. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್ ನಡೆಸುವ ಹೋಟೆಲ್‌ಗಳು ಪ್ರತ್ಯೇಕ ಪರವಾನಗಿ ಪಡೆಯಬೇಕೆಂದಿತು. ಮಾಲೀಕರ ಸಂಘ ಕೋರ್ಟಿನ ಮೆಟ್ಟಿಲು ಹತ್ತಿತು. 2018ರ ಜನವರಿ 25ರಂದು ಸುಪ್ರೀಂ ಕೋರ್ಟ್, ಕಮಿಷನರ್ ಆದೇಶ ಸರಿಯಿದೆ ಎಂದಿತು.

ಮಹಾರಾಷ್ಟ್ರ ಸುಮ್ಮನಾಗಲಿಲ್ಲ. 2016ರಲ್ಲಿ ಹೊಸ ಕಾಯ್ದೆ ತಂದು ಷರತ್ತುಗಳ ಬೇಲಿ ಹಾಕಿತು. ಶಾಲೆ, ಗುಡಿಗಳಿಂದ ಒಂದು ಕಿಲೋಮೀಟರ್ ದೂರವಿರಬೇಕು, ಒಳಗೆ ಕ್ಯಾಮೆರಾ ಇರಬೇಕು, ಕುಣಿಯುವಲ್ಲಿ ಮದ್ಯ ಕೂಡದು. ಸುಪ್ರೀಂ ಕೋರ್ಟಿನ 2019ರ ಜನವರಿ 17ರ ತೀರ್ಪು ಇವನ್ನು ಕಿತ್ತುಹಾಕಿತು, ಸಂಜೆ ಆರರಿಂದ ರಾತ್ರಿ ಹನ್ನೊಂದೂವರೆಯ ವೇಳೆಯನ್ನು ಉಳಿಸಿತು. ನೋಟು ತೂರುವಂತಿಲ್ಲ, ಬಕ್ಷೀಸು ಕೈಗೆ ಕೊಡಬಹುದು ಎಂದೂ ಹೇಳಿತು. ನನಗೆ ಇಡೀ ತೀರ್ಪಿನಲ್ಲಿ ಹಿಡಿಸಿದ್ದು ಈ ಮಾತು. ಜಾತ್ರೆಯ ರೆಕಾರ್ಡ್ ಡಾನ್ಸ್ ನೋಡಿದವರಿಗೆ ಗೊತ್ತು: ಅಮಲೇರಿದವನೊಬ್ಬ ಹತ್ತರ ನೋಟುಗಳನ್ನು ಕುಣಿಯುವವಳ ಮುಖದ ಮೇಲೆ ತೂರುತ್ತಾನೆ, ಅವಳು ಕುಣಿಯುತ್ತಲೇ ಬಗ್ಗಿ ಕಾಲಡಿಯದನ್ನು ಆಯಬೇಕು. ಅದೇ ದುಡ್ಡು ಕೈಗೆ ಬಂದರೆ ಅದು ಕೂಲಿ.

2022ರ ಫೆಬ್ರವರಿಯಲ್ಲಿ ಇನ್ನೊಂದು ಕಟ್ಟು ಕಳಚಿಬಿತ್ತು. ಮುಂಬೈಯ ಆರ್ಕೆಸ್ಟ್ರಾ ಬಾರ್‌ಗಳಲ್ಲಿ ನಾಲ್ಕು ಹೆಣ್ಣು, ನಾಲ್ಕು ಗಂಡು ಮಾತ್ರ ವೇದಿಕೆಯಲ್ಲಿರಬೇಕೆಂಬ ಷರತ್ತು ಇತ್ತು. ಒಟ್ಟು ಎಂಟು ಮಂದಿಯ ಮಿತಿ ಇರಲಿ, ಅದರಲ್ಲಿ ಹೆಣ್ಣೆಷ್ಟು ಗಂಡೆಷ್ಟು ಎಂದು ಲೈಸೆನ್ಸ್ ಕೊಡುವವರು ಗೊತ್ತುಮಾಡುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಕಾಪಾಡುವ ಹೆಸರಿನಲ್ಲಿ ಹೆಣ್ಣುಮಕ್ಕಳ ಕೆಲಸಕ್ಕೆ ಕತ್ತರಿ ಹಾಕುವುದನ್ನು ಅದು ಒಪ್ಪಲಿಲ್ಲ.